ಕಾಫಿ ಪುಡಿಯ ಖರ್ಚು

ತಿಥಿ ಊಟಕ್ಕೆ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಎಂಥಾ ತಾಳ್ಮೆ ಕಣ್ರೀ ಆಯಮ್ಮಂದು, ಭೂಮಿತಾಯಿ!" ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ಪಾಯಸಕ್ಕೆ ಹಪ್ಪಳ ಮುರಿದುಕೊಳ್ಳುತ್ತ ಹೇಳಿದರು. ಕೈ ತೊಳೆಯುವ ನಲ್ಲಿಯ ಹತ್ತಿರ ಇನ್ನಿಬ್ಬರು ಅದನ್ನೇ ಹೇಳಿದರು. ಎದುರು ಸಾಲಿನಲ್ಲಿ ತೀರಿಹೋದವರ ಅಣ್ಣ ಕೂತಿದ್ದರು. ತಲೆಯೆಲ್ಲ ಬೆಳ್ಳಗಾಗಿದೆ ಈಗ. ಅವರೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ನಮ್ಮ ತಂಗಿ ಎಲ್ಲನೂ ನುಂಗ್ಕಂಡು ಬದುಕ್ಬುಟ್ಲು" ಅಂದರು. ನನಗೆ ಮೈ ಉರಿದುಹೋಯಿತು. ಸತ್ತವರ ಮನೆಯಲ್ಲಿ ಜಗಳ ಆಡಬಾರದೆಂದು ಬಾಯಿ ಕಚ್ಚಿ ಹಿಡಿದುಕೊಂಡು, ಮಜ್ಜಿಗೆಗೂ ಕಾಯದೆ ಎದ್ದು ಬಸ್ ಸ್ಟ್ಯಾಂಡಿಗೆ ಬಂದೆ.

ಎಲ್ಲವನ್ನೂ ನುಂಗಿಕೊಂಡರಂತೆ! ನಾನು ಕಂಡಂತೆ ಆ ಹೆಂಗಸು ಒಂದೇ ಒಂದು ಮಾತನ್ನೂ ನುಂಗಿಕೊಂಡವರಲ್ಲ. ತಾಳ್ಮೆ ಅನ್ನುವುದು ಅವರ ಹತ್ತಿರ ಚಿಟಿಕೆಯಷ್ಟೂ ಇರಲಿಲ್ಲ. ಇದ್ದಿದ್ದರೆ ಅವರ ಮಗಳು ಇವತ್ತು ಅರಸೀಕೆರೆಯಲ್ಲಿ ಪಶುವೈದ್ಯೆಯಾಗಿ ಸ್ವಂತ ಮನೆಯಲ್ಲಿ ಅಮ್ಮನ ತಿಥಿ ಮಾಡುತ್ತಿರಲಿಲ್ಲ. ಸತ್ತ ಮೇಲೆ ಹೆಂಗಸರಿಗೆ ತಾಳ್ಮೆಯ ಪಟ್ಟ ಕಟ್ಟುವವರು ಬದುಕಿದ್ದಾಗ ಅವರ ತಾಳ್ಮೆಗೆಟ್ಟ ಮಾತುಗಳಿಗೆ ಕಿವಿ ಮುಚ್ಚಿಕೊಂಡವರೇ ಆಗಿರುತ್ತಾರೆ. ಅವತ್ತು ಬಸ್ಸಿನಲ್ಲಿ ಕೂತು, ನಾನಾದರೂ ಇದ್ದದ್ದು ಇದ್ದ ಹಾಗೆ ಬರೆದಿಡಬೇಕು ಅಂದುಕೊಂಡೆ.

ನಾನು ಆಗ ಸಕಲೇಶಪುರದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಹೊಳೆಯ ಸೇತುವೆಗಿಂತ ಸ್ವಲ್ಪ ಮೇಲೆ ಕಾಫಿ ವ್ಯಾಪಾರದ ಸಾಹೇಬರೊಬ್ಬರು ಕಟ್ಟಿಸಿದ್ದ ವಠಾರದಲ್ಲಿ ನನ್ನ ಮನೆ. ಪಕ್ಕದ ಎರಡು ಕೋಣೆಯ ಮನೆಗೆ ಅವರು ಮಗಳ ಜತೆ ಬಂದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಕಾಫಿ ಬೆಲೆ ನೆಲ ಕಚ್ಚಿದ್ದ ಕಾಲದಲ್ಲಿ. ಹುಡುಗಿ ನಮ್ಮ ಸ್ಕೂಲಿಗೇ ಒಂಬತ್ತನೇ ಕ್ಲಾಸಿಗೆ ಸೇರಿದಳು.

ಅವರು ಹಾನುಬಾಳು ಕಡೆಯ ದೊಡ್ಡ ತೋಟದ ಮನೆಯ ಸೊಸೆ. ನೆಂಟರ ಮದುವೆಗೆಂದು ಮಗಳನ್ನು ಕರೆದುಕೊಂಡು ತವರಿನ ಕಡೆ, ಆಲೂರಿನ ಹತ್ತಿರ ಹೋಗಿದ್ದರು. ವಾಪಸ್ಸು ಬಂದರೆ ಮನೆಯ ಮುಂಬಾಗಿಲಿಗೆ ಬೀಗ. ಅವರ ಟ್ರಂಕು, ಹೊಲಿಗೆ ಮೆಷೀನು, ಹುಡುಗಿಯ ಸ್ಕೂಲ್ ಬ್ಯಾಗು ಎಲ್ಲ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದ್ದವು. ತೋಟದ ಲೈನುಮನೆಗಳ ಆಳುಗಳು ತಲೆ ತಗ್ಗಿಸಿ ನಿಂತಿದ್ದರು. ಗಂಡ ಒಳಗೇ ಇದ್ದ, ಹಿಂಬಾಗಿಲಿನಿಂದ ಹೋಗಿ ಕೂತಿದ್ದ. ತಿಂಗಳೊಳಗೆ ಅದೇ ಗಂಡ, ಹೆಂಡತಿ ಕಾಟ ಕೊಟ್ಟು ತಾನಾಗಿಯೇ ಮನೆ ಬಿಟ್ಟು ಹೋದಳೆಂದು ಹಾಸನದ ಕೋರ್ಟಿನಲ್ಲಿ ವಿಚ್ಛೇದನದ ಅರ್ಜಿ ಹಾಕಿದ. ಕಾರಣ ಇಡೀ ಹೋಬಳಿಗೆ ಗೊತ್ತಿತ್ತು. ಪಕ್ಕದ ತೋಟದ ಮನೆಯಲ್ಲಿ ಮದುವೆಯಾಗದೆ ಉಳಿದಿದ್ದ ಒಬ್ಬಳೇ ಮಗಳಿದ್ದಳು. ಅವಳನ್ನು ಕಟ್ಟಿಕೊಂಡರೆ ನಡುವಿನ ಬೇಲಿ ಕಿತ್ತು ಎರಡು ತೋಟ ಒಂದು ಮಾಡಬಹುದು. ಬೇಲಿ ಕೀಳುವುದಕ್ಕೋಸ್ಕರ ಹೆಂಡತಿಯನ್ನು ಕಿತ್ತು ಹಾಕಿದ ಮನುಷ್ಯ ಅವನು. ಅವನಿಗೆ ಬಹುವಚನ ನನ್ನ ಕೈಯಲ್ಲಿ ಬರೆಯಲಾಗುವುದಿಲ್ಲ.

ಮೊದಲ ವಾರ ನಾನು ಸಾರು, ಪಲ್ಯ ಹಿಡಿದುಕೊಂಡು ಅವರ ಮನೆಗೆ ಹೋದೆ. ಪಾಪ, ಅಳುತ್ತ ಕೂತಿರುತ್ತಾರೆ, ಒಲೆ ಹಚ್ಚಿರುವುದಿಲ್ಲ ಅಂತ ನನ್ನ ಲೆಕ್ಕ. ಹೋಗಿ ನೋಡಿದರೆ ದೊಡ್ಡ ತಟ್ಟೆಯಲ್ಲಿ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿಕೊಂಡು ಗಟ್ಟಿಯಾಗಿ ಉಣ್ಣುತ್ತಿದ್ದರು.

"ಕೋಪ ಬಂದೈತೆ ಟೀಚರೇ, ಅದ್ಕೆ ಉಣ್ತಾ ಇವ್ನಿ," ಅಂದರು. "ಕೋಪ ಬಂದಾಗ ಉಪಾಸ ಇದ್ರೆ ಯಾರಿಗೆ ಲಾಭ? ಅವ್ನಿಗೇ ಅಲ್ವಾ? ನಾನು ಸೊರಗ್ಬುಟ್ರೆ ಅವ್ನ ಕೇಸು ಅರ್ಧ ಗೆದ್ದಂಗೆ."

ಆಮೇಲೆ ಕಂಡುಕೊಂಡೆ, ಅದು ಅವರ ಪದ್ಧತಿಯೇ. ಕೋರ್ಟಿಗೆ ಹೋಗಿಬಂದ ದಿನ ಅವರ ಮನೆಯಲ್ಲಿ ಯಾವಾಗಲೂ ಏನಾದರೂ ಕರಿಯುವ ವಾಸನೆ ಇರುತ್ತಿತ್ತು. ಯಾರಾದರೂ ಹಂಗಿಸಿದ ದಿನವಂತೂ ಎರಡು ಬಗೆಯ ತಿಂಡಿ. ಅವರು ಗಿಡ್ಡಗೆ, ಗಟ್ಟಿಮುಟ್ಟಾಗಿದ್ದರು. ಕೈಬೆರಳುಗಳು ಕಾಫಿ ಹಣ್ಣು ಕುಯ್ದು ಕುಯ್ದು ದಪ್ಪಗಾಗಿದ್ದವು. ದಾರಿಯಲ್ಲಿ ಯಾರ ಕಾಂಪೌಂಡಿನಲ್ಲಾದರೂ ಕಾಫಿ ಗಿಡ ಕಂಡರೆ ಸಾಕು, ನಿಂತು ಎಲೆ ಮಗುಚಿ ನೋಡಿ, "ಚಿಗುರು ತೆಗ್ದಿಲ್ಲ ನೋಡಿ ಸೋಂಬೇರಿಗಳು" ಅಂತ ಆ ಮನೆಯವರಿಗೆ ಕೇಳುವ ಹಾಗೆ ಬೈಯುತ್ತಿದ್ದರು. ಅವರ ಜತೆ ನಡೆದುಕೊಂಡು ಹೋಗುವುದಕ್ಕೆ ನನಗೆ ಎಷ್ಟೋ ಸಲ ನಾಚಿಕೆಯಾಗುತ್ತಿತ್ತು.

ಅವರ ಅಣ್ಣ ಬಾಡಿಗೆ ಕೊಡುತ್ತಿದ್ದರು. ಕೊಡುವಾಗಲೇ ಗಡುವನ್ನೂ ಹೇಳಿಬಿಟ್ಟಿದ್ದರು: ಹುಡುಗಿಯ ಎಸ್ಸೆಸ್ಸೆಲ್ಸಿ ಮುಗಿಯುವ ತನಕ. ಅಷ್ಟರಲ್ಲಿ ಏನೂ ದಾರಿಯಾಗದಿದ್ದರೆ ಹೋಗಿ ಗಂಡನ ಕಾಲು ಹಿಡಿದು ಒಳಗೆ ಸೇರಿಕೊಳ್ಳಬೇಕು, ಅವನು ಇನ್ನೊಬ್ಬಳನ್ನು ತಂದರೂ ಒಂದು ಮೂಲೆಯಲ್ಲಿ ಇರಬೇಕು. ವಿಚ್ಛೇದನದ ಕೇಸು ಮುಗಿಯಲು ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ಅನ್ನ, ಬಾಡಿಗೆ, ಹುಡುಗಿಯ ಓದಿಗೆ ಗಂಡ ತಿಂಗಳು ತಿಂಗಳು ಕೊಡಬೇಕೆಂದು ಕೋರ್ಟಿನಿಂದ ಆದೇಶ ತರಬಹುದು, ಅದಕ್ಕೆ ಮಧ್ಯಂತರ ಜೀವನಾಂಶ ಅನ್ನುತ್ತಾರೆ ಎಂದು ಅವರ ಲಾಯರ್ರು ಹೇಳಿದ್ದರು. ಅದು ಬಂದರೆ ಅಣ್ಣನ ಹಂಗಿಲ್ಲ. ಬರದಿದ್ದರೆ ಮತ್ತೆ ಆ ಕಣದ ಮೂಲೆ. ಇದ್ದದ್ದು ಅಷ್ಟೇ.

ಆ ಅರ್ಜಿಗೆ ಬೇಕಾದ ಕಾಗದಪತ್ರಗಳನ್ನು ನಾವು ನನ್ನ ಊಟದ ಮೇಜಿನ ಮೇಲೆ ತಯಾರು ಮಾಡಿದೆವು. ಎರಡು ಭಾಗ. ಒಂದು, ಇವರ ತಿಂಗಳ ಖರ್ಚು. ಇನ್ನೊಂದು, ಅವನ ಆದಾಯ. ಬರೆಯುವ ಕೆಲಸ ನನ್ನದು. ಖರ್ಚಿನ ಪಟ್ಟಿ ಬರೆಯುವುದು ಸುಲಭ ಅಂದುಕೊಂಡಿದ್ದೆ. ಬಾಡಿಗೆ, ಅಕ್ಕಿ, ಸೀಮೆಎಣ್ಣೆ, ಫೀಸು, ಹಾಸನದ ಬಸ್ಸು ಅಂತ ಸರಾಗವಾಗಿ ಹೇಳುತ್ತಾ ಬಂದವರು ಒಂದು ಕಡೆ ತಟಕ್ಕನೆ ನಿಂತರು. ಆಮೇಲೆ, "ಕಾಫಿ ಪುಡಿ" ಅಂದರು.

ಅಂಗಡಿಗೆ ಹೋಗಿ ಕಾಫಿ ಪುಡಿ ಕೊಂಡದ್ದು ಅವರ ಜೀವಮಾನದಲ್ಲೇ ಮೊದಲ ಸಲವಂತೆ. ತವರಲ್ಲೂ ತೋಟ, ಗಂಡನ ಮನೆಯಲ್ಲೂ ತೋಟ. ತಾವೇ ಹುರಿದು ತಾವೇ ಪುಡಿ ಮಾಡಿಸುತ್ತಿದ್ದವರು. ಪೇಟೆಯ ಅಂಗಡಿಯವನು ಪೊಟ್ಟಣ ಕಟ್ಟಿಕೊಟ್ಟಾಗ ಮೂಸಿ ನೋಡಿ, "ಅರ್ಧಕ್ಕರ್ಧ ಚಿಕೋರಿ ಹಾಕಿದೀಯಲ್ಲೋ!" ಅಂತ ಜಗಳವಾಡಿಕೊಂಡು ಬಂದಿದ್ದರು. ಕಣದಿಂದ ಟ್ರಂಕು ಎತ್ತಿಕೊಂಡು ಬಂದ ದಿನ ಅಳದವರು, ಆ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದ ದಿನ ಅತ್ತರಂತೆ. ಅದನ್ನು ಹೇಳುವಾಗಲೂ ಅವರ ದನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಲಾಯರ್ರು ಪಟ್ಟಿ ನೋಡಿ ನಕ್ಕರು. "ಇದನ್ನ ತೆಗೀರಮ್ಮ. ಕಾಫಿ ತೋಟದೋರ ಹೆಂಡ್ತಿ ಕಾಫಿ ಪುಡಿಗೆ ದುಡ್ಡು ಕೇಳ್ತಾಳೆ ಅಂದ್ರೆ ಜಡ್ಜು ನಗ್ತಾರೆ."

"ನಗ್ಲಿ ಬುಡಿ ಸಾರ್. ನಗೋವಂಥ ಕೆಲ್ಸ ಮಾಡಿರೋನು ನನ್ ಗಂಡ, ನಾನಲ್ಲ. ಅದು ಇರ್ಲಿ."

ಆ ಸಾಲು ಉಳಿಯಿತು.

ಅದೇ ಅರ್ಜಿಯಲ್ಲಿ ಅವರು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. "ನಿಮ್ಮ ಕೆಲಸ" ಅನ್ನುವ ಕಡೆ "ಗೃಹಿಣಿ, ಯಾವ ಆದಾಯವೂ ಇಲ್ಲ" ಅಂತ ಬರೆಯಿರಿ ಎಂದು ಲಾಯರ್ರು ಹೇಳಿ ಕಳಿಸಿದ್ದರು. ನಾನು ಹಾಗೇ ಬರೆಯಲು ಹೊರಟರೆ ಅವರು ನನ್ನ ಕೈ ಹಿಡಿದುಕೊಂಡರು.

"ಹದ್ನಾರು ವರ್ಸ ಯಾರು ಆ ತೋಟ ನೋಡಿದ್ದು? ಬೆಳಿಗ್ಗೆ ಆಳು ಎಬ್ಬಿಸ್ದೋಳು ನಾನು. ಕುಯ್ಲಲ್ಲಿ ಹಣ್ಣು ತೂಗ್ಸಿದೋಳು ನಾನು. ಮೋಡ ಕಟ್ತು ಅಂದ್ರೆ ಉಣ್ತಿದ್ದ ಎಲೆ ಬುಟ್ಟು ಕಣಕ್ಕೆ ಓಡಿದೋಳು ನಾನು. ಅವ್ನು ಎದ್ದು ಬರೋ ಹೊತ್ಗೆ ಬಿಸ್ಲು ನೆತ್ತಿ ಮೇಲೆ ಇರ್ತಿತ್ತು. ಏನೂ ಮಾಡ್ಲಿಲ್ಲ ಅಂತ ಬರೀತೀರಾ? ಬರೀರಿ ಟೀಚರೇ, ತೋಟ ನಡೆಸ್ತಿದ್ಲು ಅಂತ ಬರೀರಿ."

"ಅಕ್ಕಾ, ಅದು ನಿಮಗೇ ತೊಂದರೆಯಾಗುತ್ತಂತೆ," ಅಂದೆ.

"ಆಗ್ಲಿ. ಹೊಡ್ದಿದ್ದಕ್ಕೆ, ಬೈದಿದ್ದಕ್ಕೆ ನಾನು ದುಡ್ಡು ಕೇಳ್ತಾ ಇಲ್ಲ. ದುಡ್ದಿದ್ದಕ್ಕೆ ಕೇಳ್ತಾ ಇವ್ನಿ."

ಬರೆದೆ. ಆಗಬೇಕಾದ್ದೇ ಆಯಿತು. ಅವನ ಕಡೆಯ ವಕೀಲ ಅದನ್ನೇ ಹಿಡಿದುಕೊಂಡ. ಎಸ್ಟೇಟ್ ನಡೆಸುವಷ್ಟು ಅನುಭವ ಇರುವ ಹೆಂಗಸು ದುಡಿದು ತಿನ್ನಲಾರಳೇ? ಮೇಲಾಗಿ ರವಿಕೆ ಹೊಲಿದು ಸಂಪಾದಿಸುತ್ತಿದ್ದಾಳೆ. ಇವಳಿಗೇಕೆ ಜೀವನಾಂಶ? ವಠಾರದ ನಾಲ್ಕು ಮನೆಯ ಸೀರೆಗೆ ಫಾಲ್ಸ್ ಹೊಲಿದ ದುಡ್ಡು ಅದು, ತರಕಾರಿಗೆ ಸಾಲುತ್ತಿರಲಿಲ್ಲ. ದುಡಿದರೆ ದುಡಿಯುತ್ತಾಳಲ್ಲ ಅನ್ನುವುದು, ದುಡಿಯದಿದ್ದರೆ ಸೋಂಬೇರಿ ಅನ್ನುವುದು. ನಮ್ಮ ಸ್ಟಾಫ್ ರೂಮಿನಲ್ಲೂ ಒಬ್ಬರು, "ಗಂಡ ಬೇಡ, ಗಂಡನ ದುಡ್ಡು ಬೇಕು" ಅಂತ ನನ್ನೆದುರಿಗೇ ಅಂದರು. ಅವರ ಹತ್ತಿರ ನಾನು ಆ ವರ್ಷವಿಡೀ ಮಾತಾಡಲಿಲ್ಲ.

ಅವನ ಆದಾಯ ತೋರಿಸುವುದು ಇನ್ನೂ ಕಷ್ಟ. ಹಿಂದೆ ಎಲ್ಲರ ಕಾಫಿಯೂ ಸರ್ಕಾರದ ಕಾಫಿ ಬೋರ್ಡಿಗೇ ಹೋಗುತ್ತಿದ್ದಾಗ ಎಷ್ಟು ಕೊಟ್ಟೆ, ಎಷ್ಟು ಬಂತು ಅನ್ನುವುದಕ್ಕೆ ಚೀಟಿ ಇರುತ್ತಿತ್ತು. ಯಾರಿಗೆ ಬೇಕಾದರೂ ಮಾರಬಹುದು ಅಂತಾದ ಮೇಲೆ ವ್ಯಾಪಾರವೆಲ್ಲ ಕೈಯಿಂದ ಕೈಗೆ, ನಗದು. ಅವನ ಕಾಫಿ ಕೊಂಡವರಲ್ಲಿ ನಮ್ಮ ವಠಾರದ ಸಾಹೇಬರೂ ಒಬ್ಬರು. "ಅವರನ್ನೇ ಸಾಕ್ಷಿಗೆ ಕರೆಸೋಣ" ಅಂದೆ ನಾನು. ಇವರೇ ಒಪ್ಪಲಿಲ್ಲ.

"ವ್ಯಾಪಾರದೋರ್ನ ಕೋರ್ಟ್ಗೆ ಎಳುದ್ರೆ ನಾಳೆಯಿಂದ ಅವ್ರಂಗ್ಡಿಗೆ ಯಾವ ತೋಟದೋನು ಕಾಫಿ ತತ್ತಾನೆ? ಅವ್ರಿಗೂ ಮಕ್ಳಿದಾವೆ. ಬೇಡ."

ಹೀಗೆ ಕೈಯಲ್ಲಿ ಏನೂ ಇಲ್ಲದೆ ಕೂತಿದ್ದಾಗ ಅವನ ಪ್ರಮಾಣಪತ್ರದ ನಕಲು ಬಂತು. ಅದನ್ನು ಓದಿದ ದಿನವನ್ನು ನಾನು ಮರೆಯುವ ಹಾಗಿಲ್ಲ. ನಮ್ಮ ಕಡೆ ತೆರಿಗೆ ಉಳಿಸಲು ತೋಟವನ್ನು ತಾಯಿಯ ಹೆಸರಿಗೋ ಅಜ್ಜಿಯ ಹೆಸರಿಗೋ ಬರೆಸಿಡುವುದು ರೂಢಿ. ಅವನ ತೋಟವೂ ಹಾಗೆ ತಾಯಿಯ ಹೆಸರಲ್ಲಿತ್ತು. ಅಷ್ಟನ್ನು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತೋ ಏನೋ. ಬುದ್ಧಿವಂತಿಕೆ ಹೆಚ್ಚಾಗಿ, "ನಾನು ನನ್ನ ತಾಯಿಯವರ ಎಸ್ಟೇಟಿನಲ್ಲಿ ರೈಟರ್ ಆಗಿ ಕೆಲಸ ಮಾಡಿಕೊಂಡಿದ್ದು, ತಿಂಗಳಿಗೆ ಸಾವಿರದ ಎಂಟುನೂರು ರೂಪಾಯಿ ಸಂಬಳವನ್ನು ಬಿಟ್ಟು ನನಗೆ ಬೇರೆ ಆದಾಯ ಇರುವುದಿಲ್ಲ" ಎಂದು ಸತ್ಯವಾಗಿ ಪ್ರಮಾಣ ಮಾಡಿದ್ದ. ಜತೆಗೆ ತಾಯಿ ಸಹಿ ಮಾಡಿದ ಸಂಬಳದ ಸರ್ಟಿಫಿಕೇಟು. ಎಸ್ಟೇಟುಗಳಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವನು, ಮಾಲೀಕನ ಜೀಪು ಬಂದರೆ ಎದ್ದು ನಿಲ್ಲುವವನು.

ನಾನು ಕೂಗಾಡಿದೆ. ಎಂಥ ಸುಳ್ಳ, ಎಂಥ ನಾಚಿಕೆಗೆಟ್ಟವನು! ಇವರು ಮಾಡಿದ ಕೆಲಸ ಮಾಡಿದೆ ಅಂತ ನಿಜ ಹೇಳಿದ್ದಕ್ಕೆ ಕೋರ್ಟಿನಲ್ಲಿ ಬೈಸಿಕೊಂಡರು. ಅವನು ಇರುವ ಆಸ್ತಿ ಇಲ್ಲ ಅಂತ ಸುಳ್ಳು ಹೇಳಿ ಬಡವನಾಗಿ ಕೂತ. ಲಾಯರ್ರ ಹತ್ತಿರ ಹೋದರೆ ಅವರು, "ಎಲ್ರಿಗೂ ಗೊತ್ತಿರೋದೇ ಬಿಡಿ. ಆದ್ರೆ ಗೊತ್ತಿರೋದನ್ನ ಕೋರ್ಟು ನೋಡಲ್ಲ, ಕಾಗದ ನೋಡುತ್ತೆ" ಅಂತ ಕೈ ಚೆಲ್ಲಿದರು. ಹುಡುಗಿ ಆಗ ಹತ್ತನೇ ಕ್ಲಾಸಿಗೆ ಬಂದಿದ್ದಳು. ಅಣ್ಣನ ಗಡುವು ಹತ್ತಿರ ಬರುತ್ತಿತ್ತು.

ಅವರು ಮಾತ್ರ ಆ ಪ್ರಮಾಣಪತ್ರವನ್ನು ನನ್ನ ಕೈಯಲ್ಲಿ ಎರಡು ಸಲ ಓದಿಸಿ, ಗಹಗಹಿಸಿ ನಕ್ಕರು. ಅವರು ಅಷ್ಟು ನಗುವುದನ್ನು ನಾನು ಕಂಡದ್ದು ಅದೇ ಮೊದಲು.

"ರೈಟ್ರಂತೆ ಕಣ್ರೀ! ಹಾಜ್ರಿ ಪುಸ್ತಕ ಯಾವ ಕಡೆಯಿಂದ ತೆಗೀಬೇಕು ಅಂತ ಗೊತ್ತಿಲ್ಲ ಮುಂಡೇದಕ್ಕೆ. ಅಲ್ಲ ಟೀಚರೇ, ಇವ್ನು ರೈಟ್ರಾದ್ರೆ ಕ್ಲಬ್ನಲ್ಲಿ ಹೆಂಗೆ ಕೂತ್ಕತ್ತಾನೆ?"

ನಮ್ಮ ಕಡೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ಲಾಂಟರುಗಳ ಕ್ಲಬ್ಬು ಅಂದರೆ ತೋಟದ ಮಾಲೀಕರಿಗೆ ಮಾತ್ರ. ಎಷ್ಟು ಎಕರೆ, ಎಷ್ಟು ಫಸಲು ಅಂತ ನೋಡಿ ಸೇರಿಸಿಕೊಳ್ಳುತ್ತಾರೆ. ಅವನು ವಾರಕ್ಕೆ ಮೂರು ದಿನ ಸಂಜೆ ಅಲ್ಲಿ ಇಸ್ಪೀಟು ಆಡಿಕೊಂಡು ಇರುತ್ತಿದ್ದ. ಹೆಂಡತಿಯಿಲ್ಲದೆ ಇದ್ದಾನು, ಕ್ಲಬ್ಬಿಲ್ಲದೆ ಇರಲಾರ. ಗಂಡಸಿನ ಮಾನ ಎಲ್ಲಿರುತ್ತದೆ ಎನ್ನುವುದು ಹದಿನಾರು ವರ್ಷ ಒಲೆಯ ಮುಂದೆ ಕಾದು ಕೂತ ಹೆಂಗಸಿಗೆ ಗೊತ್ತಿರುತ್ತದೆ.

ಅವತ್ತೇ ಕ್ಲಬ್ಬಿನ ಕಾರ್ಯದರ್ಶಿಗೆ ಒಂದು ಪತ್ರ ಬರೆಸಿದರು. ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. ತಮ್ಮ ಗಂಡ ಸಂಬಳಕ್ಕಿರುವ ರೈಟರ್ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿರುವುದಾಗಿಯೂ, ರೈಟರುಗಳಿಗೂ ಕ್ಲಬ್ಬಿನಲ್ಲಿ ಜಾಗ ಕೊಡುತ್ತಿರುವುದು ತಿಳಿದು ಬಹಳ ಸಂತೋಷವಾಯಿತೆಂದೂ, ಅದೇ ಎಸ್ಟೇಟಿನಲ್ಲಿ ಬಹಳ ವರ್ಷಗಳಿಂದ ನಿಯತ್ತಾಗಿ ದುಡಿಯುತ್ತಿರುವ ಇನ್ನೊಬ್ಬ ರೈಟರ್ ಇದ್ದು ಅವರನ್ನೂ ಸೇರಿಸಬೇಕಾದರೆ ಶುಲ್ಕ ಎಷ್ಟೆಂದು ದಯವಿಟ್ಟು ತಿಳಿಸಬೇಕೆಂದೂ ಆ ಪತ್ರದಲ್ಲಿತ್ತು. ಪ್ರಮಾಣಪತ್ರದ ನಕಲನ್ನು ಜತೆಗಿಟ್ಟೆವು. ನಾನು ಬರೆಯುತ್ತಿದ್ದಷ್ಟು ಹೊತ್ತೂ ಅವರು ಎದುರಿಗೆ ಕೂತು ಕೋಡುಬಳೆ ಮುರಿಯುತ್ತಿದ್ದರು.

ಕ್ಲಬ್ಬಿನವರಿಗೆ ನ್ಯಾಯ ಅನ್ಯಾಯ ಯಾವುದೂ ಬೇಕಿರಲಿಲ್ಲ. ಆದರೆ ರೈಟರೊಬ್ಬ ತಮ್ಮ ಮೇಜಿನಲ್ಲಿ ಇಸ್ಪೀಟು ಆಡುತ್ತಿದ್ದಾನೆ ಅಂತ ಹೊರಗೆ ಸುದ್ದಿಯಾಗುವುದನ್ನು ಅವರು ಹೇಗೆ ಸಹಿಸುತ್ತಾರೆ! ಹದಿನೈದು ದಿನದೊಳಗೆ ಉತ್ತರ ಬಂತು. ಸದಸ್ಯತ್ವ ಮಾಲೀಕರಿಗೆ ಮಾತ್ರ, ರೈಟರುಗಳನ್ನು ಸೇರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ, ತಮ್ಮ ಪತಿಯವರು ತಾವು ಮಾಲೀಕರೆಂದು ತೋಟದ ವಿಸ್ತೀರ್ಣ ಮತ್ತು ಫಸಲಿನ ವಿವರದೊಂದಿಗೆ ಸ್ವತಃ ಸಹಿ ಮಾಡಿಕೊಟ್ಟಿದ್ದಾರೆ, ನಕಲನ್ನು ಲಗತ್ತಿಸಿದೆ. ಎಕರೆ, ಚೀಲ, ಮೆಣಸು ಎಲ್ಲ ಅವನದೇ ಅಕ್ಷರದಲ್ಲಿತ್ತು. ದೊಡ್ಡಸ್ತಿಕೆಗೆ ಒಂದಕ್ಕೆ ಒಂದೂವರೆ ಮಾಡಿ ಬರೆದುಕೊಂಡಿದ್ದ.

ಮುಂದಿನ ವಾಯಿದೆಗೆ ನಾನೂ ರಜೆ ಹಾಕಿ ಹಾಸನಕ್ಕೆ ಹೋದೆ. ಅವರು ಕೋರ್ಟಿನ ಬಾಗಿಲಲ್ಲಿ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣಕ್ಕೆ ಇಳಿಯುವವರ ಹಾಗೆ ಒಳಗೆ ಹೋದರು. ಜಡ್ಜು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ ಅವನನ್ನು ಕೇಳಿದರು: "ಏನ್ರೀ, ನೀವು ರೈಟರೋ ಮಾಲೀಕರೋ?"

ಅವನು ತನ್ನ ವಕೀಲನ ಮುಖ ನೋಡಿದ. ಆಮೇಲೆ, "ಎರಡೂ, ಸ್ವಾಮಿ" ಅಂದ.

ಕೋರ್ಟ್ ಹಾಲೆಲ್ಲ ನಕ್ಕಿತು. ಅವರು ನಗಲಿಲ್ಲ.

ಆದೇಶವಾಯಿತು. ಕೇಳಿದ್ದರ ಅರ್ಧಕ್ಕಿಂತ ಕಡಿಮೆ. ಅದೂ ಅರ್ಜಿ ಹಾಕಿದ ದಿನದಿಂದಲ್ಲ, ಆದೇಶದ ದಿನದಿಂದ. ಅಷ್ಟು ದಿನ ತಾಯಿ ಮಗಳು ಗಾಳಿ ತಿಂದುಕೊಂಡು ಇದ್ದರು ಅಂತ ಜಡ್ಜು ತಿಳಿದರೋ ಏನೋ. ಮಧ್ಯಂತರ ಅಂದರೆ ನಡುವಿನ ಹೊತ್ತಿಗೆ ಆಸರೆ ಅಂತ ನಾನು ತಿಳಿದಿದ್ದೆ. ಆಸರೆ ಕೊಡಲಿಕ್ಕೇ ಒಂದೂವರೆ ವರ್ಷ ತೆಗೆದುಕೊಳ್ಳುವ ಈ ವ್ಯವಸ್ಥೆಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿಯದು. ಲಾಯರ್ರು ಮಾತ್ರ ತಾವೇ ಗೆದ್ದವರ ಹಾಗೆ ಹೋಟೆಲಿನಲ್ಲಿ ಮಸಾಲೆ ದೋಸೆ ತರಿಸಿಕೊಂಡರು.

ಮೊದಲ ತಿಂಗಳ ಹಣ ತಂದುಕೊಟ್ಟದ್ದು ಅವನ ವಕೀಲನ ಗುಮಾಸ್ತ. ಜತೆಗೆ ಸಹಿಗೆಂದು ತಂದಿದ್ದ ರಶೀದಿಯಲ್ಲಿ "ಮಾನವೀಯತೆಯ ದೃಷ್ಟಿಯಿಂದ ನೀಡಿದ ಸಹಾಯ" ಅಂತ ಟೈಪು ಮಾಡಿತ್ತು. ನಾನಾಗಿದ್ದರೆ ಆ ದುಡ್ಡನ್ನು ಅವನ ಮುಖದ ಮೇಲೆ ಬಿಸಾಕುತ್ತಿದ್ದೆ. ಅವರು ದುಡ್ಡನ್ನು ಮೊದಲು ಒಳಗಿಟ್ಟು ಬಂದರು. ಆಮೇಲೆ ಆ ಸಾಲನ್ನು ಅಡ್ಡ ಗೀಟು ಎಳೆದು ಹೊಡೆದು, "ಕೋರ್ಟಿನ ಆರ್ಡರಿನಂತೆ" ಅಂತ ಬರೆಸಿ ಸಹಿ ಹಾಕಿದರು. "ದಾನ ಆದ್ರೆ ತಿರುಗಿ ಕೊಡ್ಬೋದಿತ್ತು ಕಣಪ್ಪಾ. ಇದು ನಂದು," ಅಂದರು ಗುಮಾಸ್ತನಿಗೆ.

ಅವನ ಗತಿ ಏನಾಯಿತೆಂದು ಕೇಳುವವರಿಗೆ ಹೇಳುತ್ತೇನೆ. ಹಾನುಬಾಳಿನ ಅಂಗಡಿಗಳ ಮುಂದೆ ಅವನ ಜೀಪು ನಿಂತರೆ ಹುಡುಗರು "ರೈಟ್ರು ಬಂದ್ರು" ಅನ್ನತೊಡಗಿದರು. ಕ್ಲಬ್ಬಿನಲ್ಲಿ ಅವನ ಎದುರು ಇಸ್ಪೀಟಿಗೆ ಕೂರುವವರು ಕಡಿಮೆಯಾದರು. ಕೊನೆಗೆ ಪಕ್ಕದ ತೋಟದವರೇ, ರೈಟರಿಗೆ ಹೆಣ್ಣು ಕೊಟ್ಟು ನಗೆಪಾಟಲಾಗುವುದು ನಮಗೆ ಬೇಡ ಅಂದುಬಿಟ್ಟರು. ಬೇಲಿ ಇದ್ದಲ್ಲೇ ಉಳಿಯಿತು. ನನಗೆ ಅದರಿಂದ ಆದ ಖುಷಿಯನ್ನು ಮುಚ್ಚಿಡಬೇಕೆಂದು ಅನ್ನಿಸುವುದಿಲ್ಲ.

ಆದರೆ ಆ ಖುಷಿಯ ಹಿಂದೆಯೇ ಏಟು ಬಿತ್ತು. ಬೇರೆ ಮದುವೆ ತಪ್ಪಿದ ಮೇಲೆ ಅವನಿಗೆ ವಿಚ್ಛೇದನ ಕಟ್ಟಿಕೊಂಡು ಏನಾಗಬೇಕು? ನಾಲ್ಕು ತಿಂಗಳು ದುಡ್ಡು ಕೊಟ್ಟವನು ಐದನೇ ತಿಂಗಳು ಕೋರ್ಟಿಗೆ ಬಂದು, ಹೆಂಡತಿಯೊಂದಿಗೆ ಬಾಳಲು ಸಿದ್ಧನಿದ್ದೇನೆ, ನನ್ನ ಅರ್ಜಿಯನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ ಅಂತ ಬರೆದುಕೊಟ್ಟ. ಅಸಲು ಕೇಸೇ ಇಲ್ಲವೆಂದ ಮೇಲೆ ಅದರ ನಡುವಿನ ಜೀವನಾಂಶ ಎಲ್ಲಿಂದ ಬರಬೇಕು? ಅದೂ ಅವತ್ತಿಗೇ ನಿಂತುಹೋಯಿತು. ಹುಡುಗಿಯ ಪರೀಕ್ಷೆ ಮುಗಿದು ವಾರವೂ ಆಗಿರಲಿಲ್ಲ. ಲಾಯರ್ರು ಕೋರ್ಟಿನ ಮೆಟ್ಟಿಲ ಮೇಲೆ ನಿಂತು, "ಒಳ್ಳೇದೇ ಆಯ್ತಲ್ಲಮ್ಮಾ, ಮನೆಗೇ ಕರೀತಾ ಇದಾರೆ" ಅಂತ ಕೈ ಮುಗಿದರು. ಆ ಮನುಷ್ಯನನ್ನು ಅಲ್ಲೇ ತಳ್ಳಿಬಿಡಬೇಕು ಅನ್ನಿಸಿತು ನನಗೆ.

ಅವರು ಲಾಯರ್ರನ್ನು ಒಂದೇ ಪ್ರಶ್ನೆ ಕೇಳಿದರು. "ಅವ್ನು ಹಾಕಿದ್ದು ಅವ್ನು ತಕ್ಕಂಡ. ನಾನು ಹಾಕ್ಬೋದಾ?"

"ಹಾಕ್ಬಹುದು. ಆದ್ರೆ ಎಲ್ಲಾ ಮೊದಲಿಂದ ಆಗ್ಬೇಕು. ನ್ಯಾಯವಾಗಿ ಹೇಳ್ತೀನಿ, ನಮ್ಮ ಕಡೆ ಹೆಂಗಸ್ರು ಹಾಕಲ್ಲಮ್ಮ."

ನಾವು ಬಸ್ಸಿಳಿದು ವಠಾರಕ್ಕೆ ಬರುವ ಹೊತ್ತಿಗೆ ಅವರ ಅಣ್ಣನ ಜೀಪು ಬಾಗಿಲಲ್ಲಿತ್ತು. ಅವರು ಹೊಸ ಸೀರೆ, ಹೂವು, ಹಣ್ಣು ತಂದಿದ್ದರು. ಟ್ರಂಕನ್ನು ಆಗಲೇ ಎತ್ತಿಸಿ ಜೀಪಿಗೆ ಹಾಕಿಸಿದ್ದರು. ವಠಾರದ ಹೆಂಗಸರು ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ಮಗಳು ಗೋಡೆಗೆ ಒರಗಿಕೊಂಡು, ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ನಡಿ ತಾಯೀ, ಕತ್ಲಾಗೋದ್ರೊಳಗೆ ಮುಟ್ಟುಸ್ಬುಡ್ತೀನಿ. ಗಂಡ ಮನಸ್ಸು ತಿದ್ಕಂಡವ್ನೆ," ಅಂದರು ಅಣ್ಣ.

"ನಾನು ಡೈವೋರ್ಸು ಹಾಕ್ತೀನಿ ಅಣ್ಣ."

ತಟ್ಟೆ ಹಿಡಿದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣನ ಮುಖ ಕೆಂಪಾಯಿತು. "ಹುಚ್ಚು ಹಿಡ್ದೈತಾ ನಿಂಗೆ? ನಮ್ ಸೀಮೇಲಿ ಯಾವ್ಳಾದ್ರೂ ಗಂಡನ್ ಮೇಲೆ ಡೈವೋರ್ಸು ಹಾಕವ್ಳಾ? ನಾನು ಊರೊಳಗೆ ಹೆಂಗೆ ತಲೆ ಎತ್ಕಂಡು ತಿರುಗ್ಲಿ?"

"ಅವ್ನು ಹಾಕ್ದಾಗ ಈ ಮಾತು ಅವ್ನ ಮನೆಗೋಗಿ ಕೇಳಿದ್ಯಾ?"

ಅಣ್ಣ ಜೀಪಿನ ಕಡೆ ತಿರುಗಿದರು.

"ಕೇಳ್ಲಿಲ್ಲ ಅಲ್ವಾ. ಹಂಗಾರೆ ನನ್ನೂ ಕೇಳ್ಬೇಡ. ಟ್ರಂಕು ಇಳ್ಸು."

ಅಣ್ಣ ಇಳಿಸಲಿಲ್ಲ. ಅವರೇ ಜೀಪು ಹತ್ತಿ ಟ್ರಂಕಿನ ಒಂದು ಕಡೆ ಹಿಡಿದರು, ಮಗಳು ಓಡಿಬಂದು ಇನ್ನೊಂದು ಕಡೆ ಹಿಡಿದಳು. ನಾನು ಕೆಳಗೆ ನಿಂತು ಕೈ ಕೊಟ್ಟೆ. "ಬಾಡ್ಗೆ ಯಾರು ಕೊಡ್ತಾರೆ ನೋಡ್ತೀನಿ" ಅಂತ ಹೇಳಿ ಅಣ್ಣ ಹೂವಿನ ಪೊಟ್ಟಣವನ್ನೂ ವಾಪಸ್ಸು ತೆಗೆದುಕೊಂಡು ಹೊರಟುಹೋದರು.

ನಾನು ಒಳಗೆ ಬಂದು ಕುರ್ಚಿಯ ಮೇಲೆ ಕುಸಿದು ಕೂತು ಸಿಟ್ಟಿಗೆ ಅಳುತ್ತಿದ್ದೆ. ಎರಡು ವರ್ಷ ಬರೆದದ್ದು, ಓಡಾಡಿದ್ದು ಎಲ್ಲ ಮಣ್ಣುಪಾಲು. ಬಾಡಿಗೆಗೆ ದಿಕ್ಕಿಲ್ಲ. ಹುಡುಗಿಯ ಕಾಲೇಜಿಗೆ ದಿಕ್ಕಿಲ್ಲ. ಅವರು ನನ್ನ ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಎತ್ತಿ ಕೆಳಗಿಟ್ಟು, ಸೆರಗಿನಿಂದ ಮೇಜು ಒರೆಸಿ, ಎದುರಿನ ಕುರ್ಚಿ ಎಳೆದುಕೊಂಡು ಕೂತರು.

"ಅಳೋದು ಆಮೇಲೆ. ಹಾಳೆ ತಗೊಳ್ಳಿ ಟೀಚರೇ," ಅಂದರು.

ತೆಗೆದುಕೊಂಡೆ. ಅಲ್ಲಿಯವರೆಗೆ ಕೋರ್ಟಿನಿಂದ ಬಂದ ಪ್ರತಿಯೊಂದು ಕಾಗದದಲ್ಲೂ, ನಾವೇ ಹಾಕಿದ ಅರ್ಜಿಯಲ್ಲೂ ಕೂಡ, ಕೇಸು ಹಾಕಿದವನೆಂದು ಅವನ ಹೆಸರು ಮೇಲೆ, ಇವರದ್ದು ಕೆಳಗೆ ಇತ್ತು. ನನಗೆ ಅಭ್ಯಾಸವಾಗಿ ಹೋಗಿತ್ತು. ಕೈ ತನ್ನಷ್ಟಕ್ಕೆ ಅವನ ಹೆಸರಿನ ಮೊದಲಕ್ಷರ ಬರೆದೇಬಿಟ್ಟಿತ್ತು.

ಅವರು ಆ ಹಾಳೆಯನ್ನು ನನ್ನ ಕೈಯಿಂದ ಕಿತ್ತು ಮುದ್ದೆ ಮಾಡಿ ಎಸೆದರು. ಹೊಸದೊಂದನ್ನು ಮುಂದಿಟ್ಟರು.

"ಈ ಸಲ ಕೋರ್ಟ್ಗೆ ಕರ್ಕಂಡು ಹೋಗ್ತಾ ಇರೋಳು ನಾನು," ಅಂದರು. "ನನ್ ಹೆಸ್ರು ಮೇಲೆ ಬರೀರಿ."